ಅಧ್ಯಕ್ಷರ ಆಯ್ಕೆ, ಸೆನೆಟ್ಟಿನ ಸಮ್ಮತಿ: ಅಮೆರಿಕದ ವಿವಾದಿತ ನೇಮಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಅಧ್ಯಕ್ಷರು ಬದಲಾದಾಗಲೆಲ್ಲ ಅವರು ಆರಿಸಿದ ಸಚಿವರು, ನ್ಯಾಯಮೂರ್ತಿಗಳು ಮತ್ತು ರಾಯಭಾರಿಗಳ ಸುತ್ತ ಎರಡು ಪಕ್ಷಗಳ ನಡುವೆ ಕಾದಾಟ ನಡೆಯುತ್ತದೆ. ಸುದ್ದಿ ಓದುವ ಕನ್ನಡಿಗರು, ಅದರಲ್ಲೂ ಮಕ್ಕಳೋ ಬಂಧುಗಳೋ ಅಲ್ಲಿ ನೆಲೆಸಿರುವವರು, ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹುದ್ದೆಗೆ ಬರುವ ವ್ಯಕ್ತಿಯನ್ನು ಅಳೆದು ನೋಡುವುದು ಸೆನೆಟ್ಟಿನ ಕರ್ತವ್ಯ, ಆ ಅಳತೆಯ ಜಾಗವನ್ನು ಈಗ ಪಕ್ಷದ ಲೆಕ್ಕಾಚಾರ ಆಕ್ರಮಿಸಿಕೊಂಡಿದೆ ಎಂಬುದು ಈ ಉತ್ತರಗಳನ್ನು ಬರೆದವರ ಖಚಿತ ಅಭಿಪ್ರಾಯ.

ಅಧ್ಯಕ್ಷರು ತಮಗೆ ಬೇಕಾದವರನ್ನು ನೇರವಾಗಿ ನೇಮಿಸಿಕೊಳ್ಳುವಂತಿಲ್ಲವೇ?

ಸಲಹೆಗಾರರು, ಆಪ್ತ ಸಿಬ್ಬಂದಿ ಮೊದಲಾದ ಶ್ವೇತಭವನದ ಅನೇಕ ಹುದ್ದೆಗಳಿಗೆ ನೇರವಾಗಿ ನೇಮಿಸಿಕೊಳ್ಳಬಹುದು. ಆದರೆ ಸಂಪುಟ ಸಚಿವರು, ರಾಯಭಾರಿಗಳು, ಫೆಡರಲ್ ನ್ಯಾಯಾಧೀಶರು ಮತ್ತು ದೊಡ್ಡ ಸಂಸ್ಥೆಗಳ ಮುಖ್ಯಸ್ಥರ ವಿಷಯದಲ್ಲಿ ಸಂವಿಧಾನದ ಎರಡನೆಯ ವಿಧಿಯು ಸೆನೆಟ್ಟಿನ ಸಲಹೆ ಮತ್ತು ಸಮ್ಮತಿಯನ್ನು ಕಡ್ಡಾಯ ಮಾಡಿದೆ. ಇಂತಹ ಹುದ್ದೆಗಳು ಸುಮಾರು 1300 ಇವೆ. ಅಧ್ಯಕ್ಷರು ಹೆಸರನ್ನು ಸೂಚಿಸುತ್ತಾರೆ, ನೂರು ಸದಸ್ಯರ ಸೆನೆಟ್ ಅದನ್ನು ಒಪ್ಪುತ್ತದೆ ಇಲ್ಲವೇ ತಳ್ಳಿಹಾಕುತ್ತದೆ. ಈ ವ್ಯವಸ್ಥೆಯನ್ನು ಸಮರ್ಥಿಸಿ 1788ರಲ್ಲಿ ಬರೆದ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಅಧ್ಯಕ್ಷರು ಸ್ವಜನಪಕ್ಷಪಾತದಿಂದಲೋ ಬಂಧುತ್ವದ ಕಾರಣದಿಂದಲೋ ಅಯೋಗ್ಯರನ್ನು ತಂದು ಕೂರಿಸದಂತೆ ಸೆನೆಟ್ ತಡೆಯುತ್ತದೆ ಎಂದು ವಾದಿಸಿದ್ದರು. ಹೆಸರು ತಿರಸ್ಕೃತವಾದರೆ ಮುಖಭಂಗವಾದೀತೆಂಬ ಅಳುಕೇ ಅಧ್ಯಕ್ಷರನ್ನು ಎಚ್ಚರದಲ್ಲಿಡುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಸೆನೆಟ್ಟಿನ ಬಹುಮತವೂ ಅಧ್ಯಕ್ಷರ ಪಕ್ಷದ ಕೈಯಲ್ಲೇ ಇದ್ದು, ಆ ಪಕ್ಷದ ಸದಸ್ಯರು ಒಟ್ಟಾಗಿ ಕೈ ಎತ್ತುವ ಸನ್ನಿವೇಶವನ್ನು ಅವರ ವಾದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸೂಚಿತವಾದ ಹೆಸರು ಯಾವ ಯಾವ ಹಂತಗಳನ್ನು ದಾಟಬೇಕು?

ಸಾಮಾನ್ಯವಾಗಿ ಎಫ್‌ಬಿಐ ವ್ಯಕ್ತಿಯ ಹಿನ್ನೆಲೆಯನ್ನು ಪರಿಶೀಲಿಸುತ್ತದೆ, ಆಸ್ತಿ ಮತ್ತು ಆದಾಯದ ವಿವರಗಳು ನೈತಿಕತಾ ಕಚೇರಿಗೆ ಹೋಗುತ್ತವೆ. ಆಮೇಲೆ ಹುದ್ದೆಗೆ ಸಂಬಂಧಿಸಿದ ಸೆನೆಟ್ ಸಮಿತಿ ಆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬಹಿರಂಗವಾಗಿ ಪ್ರಶ್ನಿಸುತ್ತದೆ. ಸಮಿತಿಯ ಮತದಾನ ಮುಗಿದ ಬಳಿಕ ಹೆಸರು ಇಡೀ ಸದನದ ಮುಂದೆ ಬರುತ್ತದೆ, ಅಲ್ಲಿ ಮೊದಲು ಚರ್ಚೆಯನ್ನು ಮುಗಿಸುವುದಕ್ಕೆ ಒಂದು ಮತದಾನ, ಅನಂತರ ಹೆಸರಿನ ಮೇಲೆಯೇ ಇನ್ನೊಂದು. ಮತಗಳು ಸಮವಾದರೆ ಉಪಾಧ್ಯಕ್ಷರ ಮತವೇ ನಿರ್ಣಾಯಕ. ಯಾವುದೇ ಒಬ್ಬ ಸದಸ್ಯ ತಕರಾರು ತೆಗೆದರೂ ಸರ್ವಾನುಮತದ ಸುಲಭ ಹಾದಿ ಮುಚ್ಚಿಹೋಗಿ, ವಿಷಯ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎಳೆದಾಡುತ್ತದೆ.

ಈ ಜಗಳಗಳು ಇತ್ತೀಚಿನವೇ?

ಅಲ್ಲ. ಸಂವಿಧಾನ ಜಾರಿಗೆ ಬಂದ ವರ್ಷವೇ, ಅಂದರೆ 1789ರ ಆಗಸ್ಟ್‌ನಲ್ಲಿ, ಸವಾನಾ ಬಂದರಿನ ಹುದ್ದೆಯೊಂದಕ್ಕೆ ಜಾರ್ಜ್ ವಾಷಿಂಗ್ಟನ್ ಸೂಚಿಸಿದ ಬೆಂಜಮಿನ್ ಫಿಶ್‌ಬರ್ನ್ ಅವರ ಹೆಸರನ್ನು ಸೆನೆಟ್ ತಳ್ಳಿಹಾಕಿತು. ಅದೇ ರಾಜ್ಯವಾದ ಜಾರ್ಜಿಯಾದ ಸೆನೆಟರ್ ಒಪ್ಪದಿದ್ದುದೇ ಅದಕ್ಕೆ ಕಾರಣ. 1843ರ ಮಾರ್ಚ್ 3ರಂದು ಅಧ್ಯಕ್ಷ ಜಾನ್ ಟೈಲರ್ ಹಣಕಾಸು ಖಾತೆಗೆ ಕೇಲಬ್ ಕುಶಿಂಗ್ ಅವರ ಹೆಸರನ್ನು ಒಂದೇ ದಿನ ಮೂರು ಬಾರಿ ಕಳುಹಿಸಿದರು, ಮೂರು ಬಾರಿಯೂ ಸೆನೆಟ್ ಅದನ್ನು ತಿರಸ್ಕರಿಸಿತು.

ಆದರೆ ನೇಮಕದ ಜಗಳ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1881ರ ಪ್ರಕರಣವನ್ನು ನೋಡಬೇಕು. ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯ ಹುದ್ದೆ ಆ ಕಾಲದಲ್ಲಿ ಚಿನ್ನದ ಗಣಿಯಾಗಿತ್ತು. ದೇಶದ ಸುಂಕದ ಆದಾಯದ ಬಹುಪಾಲು ಆ ಕಚೇರಿಯ ಮೂಲಕವೇ ಬರುತ್ತಿತ್ತು, ಅಲ್ಲಿನ ನೂರಾರು ಕೆಲಸಗಳು ಪಕ್ಷದ ಕಾರ್ಯಕರ್ತರಿಗೆ ಹಂಚಿಕೆಯಾಗುತ್ತಿದ್ದವು. ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಆ ಹುದ್ದೆಗೆ ವಿಲಿಯಂ ರಾಬರ್ಟ್‌ಸನ್ ಅವರನ್ನು ಸೂಚಿಸಿದಾಗ, ತಮ್ಮದೇ ರಿಪಬ್ಲಿಕನ್ ಪಕ್ಷದ ಎದುರು ಬಣದ ನಾಯಕ, ನ್ಯೂಯಾರ್ಕಿನ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ಸಿಡಿದೆದ್ದರು. ಅಧ್ಯಕ್ಷರು ಮಣಿಯಲಿಲ್ಲ. ಮೇ ತಿಂಗಳಲ್ಲಿ ಕಾಂಕ್ಲಿಂಗ್ ರಾಜೀನಾಮೆ ಬಿಸಾಡಿ ಹೊರನಡೆದರು, ಎರಡು ದಿನಗಳಲ್ಲಿ ರಾಬರ್ಟ್‌ಸನ್ ನೇಮಕಕ್ಕೆ ಒಪ್ಪಿಗೆ ಸಿಕ್ಕಿತು. ಜುಲೈ 2ರಂದು, ಪಕ್ಷಕ್ಕೆ ದುಡಿದೂ ತನಗೆ ಹುದ್ದೆ ಸಿಗಲಿಲ್ಲವೆಂದು ಕುದಿಯುತ್ತಿದ್ದ ಚಾರ್ಲ್ಸ್ ಗಿಟೋ ಎಂಬಾತ ರೈಲು ನಿಲ್ದಾಣದಲ್ಲಿ ಅಧ್ಯಕ್ಷರಿಗೆ ಗುಂಡು ಹಾರಿಸಿದ. ಗಾರ್ಫೀಲ್ಡ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕೆಳಹಂತದ ಸರ್ಕಾರಿ ಕೆಲಸಗಳನ್ನು ಪರೀಕ್ಷೆ ಮತ್ತು ಅರ್ಹತೆಯ ಆಧಾರದ ಮೇಲೆ ನೀಡಬೇಕೆನ್ನುವ ಪೆಂಡಲ್ಟನ್ ಕಾಯ್ದೆ 1883ರಲ್ಲಿ ಬಂತು. ಅದಕ್ಕೆ ಸಹಿ ಹಾಕಿದ ಅಧ್ಯಕ್ಷ ಚೆಸ್ಟರ್ ಆರ್ಥರ್ ಸ್ವತಃ ಒಂದು ಕಾಲಕ್ಕೆ ಅದೇ ನ್ಯೂಯಾರ್ಕ್ ಸುಂಕದ ಕಚೇರಿಯನ್ನು ನಡೆಸಿದ್ದವರು, ಕಾಂಕ್ಲಿಂಗ್ ಬಣದವರು.

ಸಂಪುಟ ಸಚಿವರೊಬ್ಬರ ಹೆಸರು ಮತದಾನದಲ್ಲಿ ಸೋತದ್ದು ಕೊನೆಯ ಬಾರಿಗೆ ಯಾವಾಗ?

1989ರ ಮಾರ್ಚ್ 9ರಂದು. ರಕ್ಷಣಾ ಖಾತೆಗೆ ಹಿರಿಯ ಬುಷ್ ಸೂಚಿಸಿದ್ದ ಜಾನ್ ಟವರ್ 47–53 ಮತಗಳಿಂದ ಸೋತರು. ಟವರ್ ಅದೇ ಸೆನೆಟ್ಟಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕುಳಿತಿದ್ದವರು, ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷರಾಗಿದ್ದವರು, ವಿಷಯಜ್ಞಾನದಲ್ಲಿ ಅವರಿಗೆ ಕೊರತೆ ಇರಲಿಲ್ಲ. ಕುಡಿತದ ಬಗೆಗಿನ ಆರೋಪಗಳು ಮತ್ತು ರಕ್ಷಣಾ ಗುತ್ತಿಗೆ ಕಂಪನಿಗಳೊಂದಿಗಿದ್ದ ಹಣಕಾಸಿನ ನಂಟು ಅವರಿಗೆ ಮುಳುವಾದವು. ಅವರ ಬದಲಿಗೆ ಬಂದ ಡಿಕ್ ಚೇನಿ ಎಂಟು ದಿನಗಳಲ್ಲಿ 92–0 ಮತಗಳಿಂದ ಅನುಮೋದನೆ ಪಡೆದರು. ಅಂದರೆ, ವಿರೋಧ ಪಕ್ಷ ಒಬ್ಬರನ್ನು ಬೇಡವೆಂದು ತಳ್ಳಿದ ಮರುವಾರವೇ ಇನ್ನೊಬ್ಬರನ್ನು ಮನಸಾರೆ ಒಪ್ಪುವುದು ಆಗ ಸಾಧ್ಯವಿತ್ತು.

ಅದಕ್ಕೂ ಹಿಂದೆ, 1925ರಲ್ಲಿ, ಅಟಾರ್ನಿ ಜನರಲ್ ಹುದ್ದೆಗೆ ಕ್ಯಾಲ್ವಿನ್ ಕೂಲಿಡ್ಜ್ ಆರಿಸಿದ್ದ ಚಾರ್ಲ್ಸ್ ವಾರನ್ ಅವರ ಮೇಲಿನ ಮತಗಳು ಸರಿಸಮವಾಗಿ ನಿಂತಾಗ, ನಿರ್ಣಾಯಕ ಮತ ಹಾಕಬೇಕಿದ್ದ ಉಪಾಧ್ಯಕ್ಷ ಚಾರ್ಲ್ಸ್ ಡಾಸ್ ತಮ್ಮ ಹೋಟೆಲ್ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವರು ಧಾವಿಸಿ ಬರುವಷ್ಟರಲ್ಲಿ ವಾರನ್ ಪರವಾಗಿದ್ದ ಒಬ್ಬ ಸದಸ್ಯರು ಮತ ಬದಲಿಸಿದರು, ಹೆಸರು ಬಿದ್ದುಹೋಯಿತು.

ಸೋಲು ಖಚಿತವೆನಿಸಿದಾಗ ಮತದಾನಕ್ಕೆ ಮೊದಲೇ ಹೆಸರು ಹಿಂಪಡೆಯುವುದು ಈಗಿನ ರೂಢಿ. ಬಜೆಟ್ ಕಚೇರಿಗೆ ಬೈಡನ್ ಸೂಚಿಸಿದ್ದ ನೀರಾ ಟಂಡನ್ ತಮ್ಮ ಹಳೆಯ ಟ್ವೀಟ್‌ಗಳ ಕಾರಣಕ್ಕೆ 2021ರ ಮಾರ್ಚ್‌ನಲ್ಲಿ ಹಿಂದೆ ಸರಿದರು. ಅಟಾರ್ನಿ ಜನರಲ್ ಹುದ್ದೆಗೆ ಟ್ರಂಪ್ ಆರಿಸಿದ್ದ ಮ್ಯಾಟ್ ಗೇಟ್ಜ್ 2024ರ ನವೆಂಬರ್ 21ರಂದು ಕಣದಿಂದ ಹೊರಬಿದ್ದರು. ಎರಡೂ ಸಂದರ್ಭಗಳಲ್ಲಿ ಅಧ್ಯಕ್ಷರ ಸ್ವಂತ ಪಕ್ಷದ ಕೆಲವೇ ಸದಸ್ಯರ ಅಸಮ್ಮತಿ ಕೆಲಸ ಮಾಡಿತ್ತು.

ಸುಪ್ರೀಂ ಕೋರ್ಟ್ ನೇಮಕಗಳಲ್ಲಿ ಇಷ್ಟೊಂದು ಕಹಿ ಏಕೆ?

ಅಲ್ಲಿನ ನ್ಯಾಯಮೂರ್ತಿಗಳಿಗೆ ನಿವೃತ್ತಿ ವಯಸ್ಸಿಲ್ಲ. ಐವತ್ತು ದಾಟದ ಒಬ್ಬರನ್ನು ನೇಮಿಸಿದರೆ ಅಧ್ಯಕ್ಷರ ಪ್ರಭಾವ ಅವರ ಅವಧಿ ಮುಗಿದ ಮೇಲೂ ಮೂವತ್ತು ವರ್ಷ ಉಳಿಯಬಹುದು. ಗರ್ಭಪಾತ, ಬಂದೂಕು, ಮತದಾನದ ಹಕ್ಕುಗಳಂತಹ ವಿಷಯಗಳು ಒಂಬತ್ತು ಜನರ ಮುಂದೆ ತೀರ್ಮಾನವಾಗುವುದರಿಂದ ಒಂದೊಂದು ಕುರ್ಚಿಗೂ ಎರಡೂ ಪಕ್ಷಗಳು ಜೀವ ಒತ್ತೆಯಿಟ್ಟಂತೆ ಹೋರಾಡುತ್ತವೆ.

ಆಂಟೊನಿನ್ ಸ್ಕಾಲಿಯಾ ಅವರು ಎಷ್ಟು ಗಟ್ಟಿಯಾದ ಸಂಪ್ರದಾಯವಾದಿ ಎಂಬುದು ಎಲ್ಲರಿಗೂ ಗೊತ್ತಿದ್ದರೂ 1986ರಲ್ಲಿ 98–0 ಮತಗಳು ಬಿದ್ದವು. ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಉದಾರವಾದಿ ನಿಲುವು ಗೊತ್ತಿದ್ದೂ 1993ರಲ್ಲಿ 96–3. ಇವೆರಡರ ನಡುವೆ, 1987ರಲ್ಲಿ, ರಾಬರ್ಟ್ ಬೋರ್ಕ್ ಅವರನ್ನು ಅವರ ಕಾನೂನು ಸಿದ್ಧಾಂತದ ಕಾರಣಕ್ಕೇ 42–58ರಿಂದ ಸೋಲಿಸಲಾಯಿತು. ಆದರೆ ಆಗಲೂ ಆರು ರಿಪಬ್ಲಿಕನ್ನರು ವಿರುದ್ಧವಾಗಿಯೂ ಇಬ್ಬರು ಡೆಮಾಕ್ರಟರು ಪರವಾಗಿಯೂ ಮತ ಹಾಕಿದ್ದರು. 2018ರಲ್ಲಿ ಬ್ರೆಟ್ ಕವನಾ ಅವರಿಗೆ 50–48, 2020ರಲ್ಲಿ ಏಮಿ ಕೋನಿ ಬ್ಯಾರೆಟ್ ಅವರಿಗೆ 52–48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ 53–47. ಅಭ್ಯರ್ಥಿ ಯಾರೇ ಆಗಲಿ, ಮತಗಳ ಅಂಕಿ ಬಹುಮಟ್ಟಿಗೆ ಪಕ್ಷಗಳ ಬಲಾಬಲದ ಅಂಕಿಯೇ ಆಗಿಬಿಟ್ಟಿದೆ.

ವಿಶ್ವಾಸ ಮುರಿದುಬಿದ್ದ ಕ್ಷಣವೆಂದು ಅನೇಕರು ತೋರಿಸುವುದು 2016ನ್ನು. ಆ ಫೆಬ್ರವರಿಯಲ್ಲಿ ಸ್ಕಾಲಿಯಾ ನಿಧನರಾದ ಮೇಲೆ ಒಬಾಮಾ ಮಾರ್ಚ್ 16ರಂದು ಮೆರಿಕ್ ಗಾರ್ಲಂಡ್ ಅವರನ್ನು ಸೂಚಿಸಿದರು. ಚುನಾವಣೆಯ ವರ್ಷದಲ್ಲಿ ಜನರೇ ತೀರ್ಮಾನಿಸಲಿ ಎಂದು, ಆಗ ಸೆನೆಟ್ಟಿನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನಲ್ ವಿಚಾರಣೆಯನ್ನೇ ನಡೆಸಲಿಲ್ಲ. 293 ದಿನ ಕಾದ ಆ ನಾಮನಿರ್ದೇಶನ ಅವಧಿ ಮುಗಿದು ತಾನಾಗಿಯೇ ಬಿದ್ದುಹೋಯಿತು. ಆದರೆ 2020ರ ಸೆಪ್ಟೆಂಬರ್ 18ರಂದು ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ ಏಳು ವಾರವೂ ಇರಲಿಲ್ಲ, ಅದೇ ಮೆಕಾನಲ್ ಅಕ್ಟೋಬರ್ 26ಕ್ಕೆಲ್ಲ ಬ್ಯಾರೆಟ್ ಅವರ ನೇಮಕವನ್ನು ಮುಗಿಸಿದರು. ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಕ್ಷದವಾಗಿದ್ದುದರಿಂದ ಈ ಸಲದ ಸನ್ನಿವೇಶ ಬೇರೆ ಎಂಬುದು ಅವರ ಸಮರ್ಥನೆ. ಸಂವಿಧಾನದಲ್ಲಿ ಅಂಥ ವ್ಯತ್ಯಾಸ ಎಲ್ಲೂ ಇಲ್ಲ. ಎರಡೂ ನಡೆಗಳು ನಿಯಮಬದ್ಧವಾಗಿದ್ದವು ನಿಜ, ಆದರೆ ಒಂದೇ ನಾಲಿಗೆ ಎರಡು ಮಾತಾಡಿದ್ದನ್ನು ದೇಶವೆಲ್ಲ ಕೇಳಿಸಿಕೊಂಡಿತು.

'ನ್ಯೂಕ್ಲಿಯರ್ ಆಪ್ಷನ್' ಅಂದರೆ ಏನು? ಅದನ್ನು ಮೊದಲು ಬಳಸಿದವರು ಯಾರು?

ಹಿಂದೆ ಯಾವುದೇ ನೇಮಕದ ಚರ್ಚೆಯನ್ನು ಮುಗಿಸಲು 60 ಮತಗಳು ಬೇಕಾಗಿದ್ದವು. ಹಾಗಾಗಿ ವಿರೋಧ ಪಕ್ಷದ ಕೆಲವರನ್ನಾದರೂ ಒಲಿಸಿಕೊಳ್ಳದೆ ದಾರಿಯಿರಲಿಲ್ಲ. ಒಬಾಮಾ ಸೂಚಿಸಿದ ನ್ಯಾಯಾಧೀಶರನ್ನು ರಿಪಬ್ಲಿಕನ್ನರು ಸಾಲುಸಾಲಾಗಿ ತಡೆದಾಗ, 2013ರ ನವೆಂಬರ್ 21ರಂದು ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಈ ಮಿತಿಯನ್ನು ಸರಳ ಬಹುಮತಕ್ಕೆ ಇಳಿಸಿದರು. ಈ ನಡೆಗೇ 'ನ್ಯೂಕ್ಲಿಯರ್ ಆಪ್ಷನ್' ಎಂಬ ಹೆಸರು. ಸುಪ್ರೀಂ ಕೋರ್ಟ್ ಒಂದನ್ನು ಮಾತ್ರ ಹೊರಗಿಟ್ಟಿದ್ದರು. 2017ರ ಏಪ್ರಿಲ್‌ನಲ್ಲಿ ನೀಲ್ ಗೋರ್ಸಚ್ ಅವರಿಗಾಗಿ ಮೆಕಾನಲ್ ಅದನ್ನೂ ತೆಗೆದುಹಾಕಿದರು. 2019ರಲ್ಲಿ ಜಿಲ್ಲಾ ನ್ಯಾಯಾಧೀಶರು ಮತ್ತು ಕೆಳಹಂತದ ಹುದ್ದೆಗಳ ಚರ್ಚೆಯ ಕಾಲಾವಕಾಶ 30 ಗಂಟೆಯಿಂದ 2 ಗಂಟೆಗೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ, ಡೆಮಾಕ್ರಟರು ಒಂದು ಹೆಸರನ್ನೂ ಸರ್ವಾನುಮತದಿಂದ ಬಿಡುತ್ತಿಲ್ಲವೆಂಬ ಕಾರಣ ನೀಡಿ, ರಿಪಬ್ಲಿಕನ್ನರು ಹತ್ತಾರು ಹೆಸರುಗಳನ್ನು ಒಂದೇ ಕಟ್ಟಿನಲ್ಲಿ ಮತಕ್ಕೆ ಹಾಕುವ ನಿಯಮ ತಂದರು. ಮೊದಲ ಕಟ್ಟಿನಲ್ಲಿ 48 ಹೆಸರುಗಳು, ಅಕ್ಟೋಬರ್ 7ರ ಕಟ್ಟಿನಲ್ಲಿ 107. ಸಂಪುಟ ಸಚಿವರು ಮತ್ತು ನ್ಯಾಯಾಧೀಶರಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಪ್ರತಿ ಹಂತದಲ್ಲೂ ನಿಯಮ ಮುರಿದವರಿಗೆ ಹೇಳಿಕೊಳ್ಳಲು ಒಂದು ನಿಜವಾದ ದೂರು ಇತ್ತು, ಮೊದಲ ಮೂರು ಬದಲಾವಣೆಗಳ ಲಾಭ ಮುಂದೆ ಎದುರಾಳಿಗೂ ಸಿಕ್ಕಿತು. ನೂರೇಳು ಜನರ ಯೋಗ್ಯತೆಯನ್ನು ಒಂದೇ ಮತದಲ್ಲಿ ತೂಗಲು ಸಾಧ್ಯ ಎಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು.

ಮಂಡ್ಯ ಮೂಲದ ಡಾ. ವಿವೇಕ್ ಮೂರ್ತಿಯವರ ನೇಮಕ ಏಕೆ ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು?

ಕನ್ನಡಿಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿವೇಕ್ ಮೂರ್ತಿಯವರ ಮನೆತನದ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಅವರನ್ನು 2013ರ ನವೆಂಬರ್‌ನಲ್ಲಿ ಒಬಾಮಾ ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದರು. ಆ ಹುದ್ದೆ ದೇಶಕ್ಕೆ ಆರೋಗ್ಯದ ಬುದ್ಧಿಮಾತು ಹೇಳುವಂಥದ್ದು, ಕಾನೂನು ಮಾಡುವ ಅಧಿಕಾರ ಅದಕ್ಕಿಲ್ಲ. ಆದರೆ 2012ರಲ್ಲಿ ಮೂರ್ತಿಯವರು, ರಾಜಕಾರಣಿಗಳು ಬಂದೂಕು ಸಂಘಟನೆಗೆ ಹೆದರಿ ಜೀವಗಳನ್ನು ಅಪಾಯಕ್ಕೆ ಒಡ್ಡುತ್ತಿದ್ದಾರೆ, ಬಂದೂಕು ಆರೋಗ್ಯದ ವಿಷಯ ಎಂಬರ್ಥದ ಟ್ವೀಟ್ ಮಾಡಿದ್ದರು. ಅದನ್ನು ಹಿಡಿದುಕೊಂಡು ನ್ಯಾಷನಲ್ ರೈಫಲ್ ಅಸೋಸಿಯೇಷನ್ 2014ರ ಫೆಬ್ರವರಿಯಲ್ಲಿ ಸೆನೆಟ್ ನಾಯಕರಿಗೆ ವಿರೋಧದ ಪತ್ರ ಬರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದೂಕುಪ್ರಿಯ ರಾಜ್ಯಗಳಿಂದ ಚುನಾವಣೆ ಎದುರಿಸಬೇಕಿದ್ದ ಕೆಲವು ಡೆಮಾಕ್ರಟಿಕ್ ಸೆನೆಟರ್‌ಗಳು ಬೆದರಿದರು. ಸಮಿತಿಯ ಒಪ್ಪಿಗೆ ಸಿಕ್ಕಿದ್ದರೂ ಹೆಸರು ಸದನಕ್ಕೆ ಬರಲಿಲ್ಲ.

ಆ ನಡುವೆ ಎಬೋಲಾ ಬಂತು. 2014ರ ಶರತ್ಕಾಲದಲ್ಲಿ ಡಲಾಸ್‌ನ ಆಸ್ಪತ್ರೆಯಲ್ಲಿ ರೋಗ ಪತ್ತೆಯಾಗಿ ದೇಶವೆಲ್ಲ ಗಾಬರಿಗೊಂಡಾಗ, ಜನರಿಗೆ ಧೈರ್ಯ ಹೇಳಬೇಕಿದ್ದ ಕುರ್ಚಿಯಲ್ಲಿ ಕಾಯಂ ಸರ್ಜನ್ ಜನರಲ್ ಇರಲಿಲ್ಲ. ಚುನಾವಣೆ ಮುಗಿದು ಡೆಮಾಕ್ರಟರು ಸೋತ ಬಳಿಕ, ಬಹುಮತ ಕೈಬಿಡುವ ಮುನ್ನ, ಡಿಸೆಂಬರ್ 15ರಂದು ಮತದಾನ ನಡೆಯಿತು: 51–43. ರಿಪಬ್ಲಿಕನ್ನರಲ್ಲಿ ಇಲಿನಾಯ್‌ನ ಮಾರ್ಕ್ ಕರ್ಕ್ ಒಬ್ಬರೇ ಪರವಾಗಿ ನಿಂತರು, ಮೂವರು ಡೆಮಾಕ್ರಟರು ವಿರೋಧಿಸಿದರು. 2013ರ ನಿಯಮ ಬದಲಾವಣೆ ಇಲ್ಲದಿದ್ದರೆ ಅಷ್ಟು ಮತಗಳು ಸಾಲುತ್ತಲೇ ಇರಲಿಲ್ಲ. 37ರ ವಯಸ್ಸಿನಲ್ಲಿ ಹುದ್ದೆಗೆ ಬಂದ ಅವರು ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. 2017ರಲ್ಲಿ ಟ್ರಂಪ್ ಆಡಳಿತ ಅವರನ್ನು ಕೆಳಗಿಳಿಸಿತು, 2021ರ ಮಾರ್ಚ್‌ನಲ್ಲಿ 57–43 ಮತಗಳಿಂದ ಅವರು ಅದೇ ಹುದ್ದೆಗೆ ಮರಳಿದರು.

ನಮ್ಮೂರಿನವರು ಎಂಬ ಅಭಿಮಾನದಿಂದ ಈ ಕಥೆಯ ಇನ್ನೊಂದು ಮುಖವನ್ನು ಮರೆಮಾಚಬಾರದು. ಬಂದೂಕು ನಿಯಂತ್ರಣಕ್ಕಾಗಿ ಈ ಹುದ್ದೆಯನ್ನು ವೇದಿಕೆಯಾಗಿ ಬಳಸುವುದಿಲ್ಲ ಎಂದು 2014ರ ವಿಚಾರಣೆಯಲ್ಲಿ ಅವರು ಹೇಳಿದ್ದರು. ಹತ್ತು ವರ್ಷಗಳ ನಂತರ, 2024ರ ಜೂನ್‌ನಲ್ಲಿ, ಬಂದೂಕು ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಅವರೇ ಅಧಿಕೃತವಾಗಿ ಸಾರಿದರು. ಅಂದರೆ ವಿರೋಧಿಗಳ ಅಂಜಿಕೆ ಬುಡವಿಲ್ಲದ್ದಾಗಿರಲಿಲ್ಲ. ವೈದ್ಯರಾಗಿ ಅವರು ಹೇಳಿದ್ದು ಸರಿಯೆಂದೇ ಇದನ್ನು ಬರೆದವರ ನಿಲುವು. ಆದರೂ ಅವರನ್ನು ಒಪ್ಪದ ಸೆನೆಟರ್‌ಗೆ ಪ್ರಶ್ನೆ ಕೇಳುವ, ವಿರುದ್ಧ ಮತ ಹಾಕುವ ಪೂರ್ಣ ಹಕ್ಕಿತ್ತು. ತಪ್ಪಾದದ್ದು ಮತದಾನವನ್ನೇ ನಡೆಸದೆ ಹುದ್ದೆಯನ್ನು ಖಾಲಿ ಬಿಟ್ಟದ್ದು.

2025ರ ಟ್ರಂಪ್ ಸಂಪುಟದ ನೇಮಕಗಳಲ್ಲಿ ವಿವಾದವಾದದ್ದು ಯಾವುವು?

ಎಲ್ಲವೂ ವಿವಾದವಾಗಲಿಲ್ಲ. ವಿದೇಶಾಂಗ ಖಾತೆಗೆ ಮಾರ್ಕೊ ರುಬಿಯೊ ಅವರ ಹೆಸರು ಜನವರಿ 20ರಂದು 99–0 ಮತಗಳಿಂದ ಅಂಗೀಕಾರವಾಯಿತು. ಆದರೆ ರಕ್ಷಣಾ ಖಾತೆಗೆ ಪೀಟ್ ಹೆಗ್ಸೆತ್ ಅವರ ವಿಷಯದಲ್ಲಿ ಮತಗಳು 50–50 ಆದವು, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತ ಹಾಕಿ ದಡ ಸೇರಿಸಿದರು. ಸಂಪುಟ ಸಚಿವರೊಬ್ಬರನ್ನು ಉಪಾಧ್ಯಕ್ಷರ ಮತ ಉಳಿಸಿದ್ದು ಅದು ಎರಡನೆಯ ಸಲ, ಮೊದಲನೆಯದು 2017ರಲ್ಲಿ ಬೆಟ್ಸಿ ಡಿವಾಸ್ ಅವರದು. ಕುಡಿತ ಮತ್ತು ಲೈಂಗಿಕ ದೌರ್ಜನ್ಯದ ಆರೋಪಗಳು ಕೇಳಿಬಂದಿದ್ದವು, ಹೆಗ್ಸೆತ್ ಅವನ್ನು ನಿರಾಕರಿಸಿದರು. ದೊಡ್ಡ ಸಂಸ್ಥೆ ನಡೆಸಿದ ಅನುಭವವಿಲ್ಲ ಎಂಬ ಆಕ್ಷೇಪವೂ ಇತ್ತು. ಮೆಕಾನಲ್, ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ, ಈ ಮೂವರು ರಿಪಬ್ಲಿಕನ್ನರು ವಿರೋಧಿಸಿದರು. ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಹುದ್ದೆಗೆ ತುಳಸಿ ಗಬ್ಬಾರ್ಡ್ ಮತ್ತು ಆರೋಗ್ಯ ಖಾತೆಗೆ ರಾಬರ್ಟ್ ಎಫ್. ಕೆನಡಿ ಜೂನಿಯರ್ ತಲಾ 52–48ರಿಂದ, ಎಫ್‌ಬಿಐಗೆ ಕಾಶ್ ಪಟೇಲ್ 51–49ರಿಂದ ಗೆದ್ದರು.

ಮನಸ್ಸಿಗೆ ಒಪ್ಪದಿದ್ದರೂ ಆಡಳಿತ ಪಕ್ಷದ ಸೆನೆಟರ್‌ಗಳು ಏಕೆ ಪರವಾಗಿ ಮತ ಹಾಕುತ್ತಾರೆ?

ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯ ಭಯವೇ ಮುಖ್ಯ ಕಾರಣ. ಅಧ್ಯಕ್ಷರು ಮುನಿದರೆ ಮುಂದಿನ ಸಲ ಟಿಕೆಟ್ಟಿಗಾಗಿ ಸ್ವಪಕ್ಷದಲ್ಲೇ ಎದುರಾಳಿ ಹುಟ್ಟಿಕೊಳ್ಳುತ್ತಾನೆ. ಹೆಗ್ಸೆತ್ ಬಗ್ಗೆ ಮೊದಲು ಅನುಮಾನ ತೋರಿದ್ದ, ತಾವೇ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಅಯೋವಾದ ಜೋನಿ ಅರ್ನ್‌ಸ್ಟ್ ಅಂಥ ಒತ್ತಡದ ನಡುವೆ ಕೊನೆಗೆ ಪರವಾಗಿ ನಿಂತರು.

ಇನ್ನೂ ಮನ ಕಲಕುವಂಥದ್ದು ಲೂಸಿಯಾನಾದ ಬಿಲ್ ಕ್ಯಾಸಿಡಿ ಅವರ ಪ್ರಸಂಗ. ಅವರು ಯಕೃತ್ತಿನ ಕಾಯಿಲೆಗಳ ವೈದ್ಯರು. ಲಸಿಕೆಗಳ ಬಗ್ಗೆ ವರ್ಷಗಳಿಂದ ಸಂಶಯ ಹರಡುತ್ತ ಬಂದಿದ್ದ ಕೆನಡಿ ಆರೋಗ್ಯ ಖಾತೆಗೆ ಸೂಚಿತರಾಗಿ ಎದುರಿಗೆ ಕುಳಿತಾಗ, ಹೆಪಟೈಟಿಸ್ ಬಿ ಸೋಂಕಿನಿಂದ ಯಕೃತ್ತು ಕೈಕೊಟ್ಟಿದ್ದ ಹದಿನೆಂಟರ ಯುವತಿಯನ್ನು ಕಸಿ ಶಸ್ತ್ರಚಿಕಿತ್ಸೆಗೆಂದು ಹೆಲಿಕಾಪ್ಟರ್ ಹತ್ತಿಸಿದ ದಿನವನ್ನು ಕ್ಯಾಸಿಡಿ ನೆನೆದರು. ಐವತ್ತು ಡಾಲರ್‌ನ ಲಸಿಕೆ ಅದನ್ನೆಲ್ಲ ತಪ್ಪಿಸಬಹುದಿತ್ತು ಎಂದರು. ಆದರೂ ಫೆಬ್ರವರಿ 4ರಂದು ಅವರ ಮತ ಪರವಾಗಿ ಬಿದ್ದು, ಹೆಸರು ಸಮಿತಿಯಲ್ಲಿ 14–13ರಿಂದ ಪಾಸಾಯಿತು. ಅವರೊಬ್ಬರು ಅತ್ತ ಸರಿದಿದ್ದರೆ ಕೆನಡಿಯವರಿಗೆ ಅಲ್ಲಿ ಬಹುಮತ ಇರುತ್ತಿರಲಿಲ್ಲ. ಲಸಿಕಾ ಸಲಹಾ ಸಮಿತಿಯ ಶಿಫಾರಸುಗಳನ್ನು ಬದಲಿಸದೆ ಉಳಿಸಿಕೊಳ್ಳುವುದಾಗಿ ಕೆನಡಿ ಮಾತು ಕೊಟ್ಟಿದ್ದಾರೆ ಎಂದು ಅವರು ಸದನಕ್ಕೆ ತಿಳಿಸಿದ್ದರು. ಜೂನ್‌ನಲ್ಲಿ ಕೆನಡಿ ಆ ಸಮಿತಿಯ 17 ಸದಸ್ಯರನ್ನೂ ವಜಾ ಮಾಡಿದರು. ಹೊಸದಾಗಿ ನೇಮಕಗೊಂಡ ಸಮಿತಿ ಡಿಸೆಂಬರ್‌ನಲ್ಲಿ, ತಾಯಿಗೆ ಸೋಂಕಿಲ್ಲದ ಶಿಶುಗಳಿಗೂ ಹುಟ್ಟಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಹಾಕಬೇಕೆಂಬ ಹಳೆಯ ಶಿಫಾರಸನ್ನು ಕೈಬಿಡಲು ಮತ ಹಾಕಿತು.

ಹಾಗಾದರೆ ವಿರೋಧ ಪಕ್ಷ ಎಲ್ಲರನ್ನೂ ವಿರೋಧಿಸುವುದೇ ಸರಿಯಲ್ಲವೇ?

ಸರಿಯಲ್ಲ. ಅನರ್ಹರನ್ನು ತಡೆಯಲು ಬೇಕಾದ ನೈತಿಕ ಬಲ, ಅರ್ಹರನ್ನು ಬಿಟ್ಟುಕೊಡುವುದರಿಂದ ಬರುತ್ತದೆ. ಎಲ್ಲರಿಗೂ 'ಬೇಡ' ಎನ್ನುವವರ 'ಬೇಡ'ಕ್ಕೆ ತೂಕ ಉಳಿಯುವುದಿಲ್ಲ. ಅಲಬಾಮಾದ ರಿಪಬ್ಲಿಕನ್ ಸೆನೆಟರ್ ಟಾಮಿ ಟ್ಯೂಬರ್ವಿಲ್ 2023ರಲ್ಲಿ ರಕ್ಷಣಾ ಇಲಾಖೆಯ ಗರ್ಭಪಾತ ನೀತಿಯನ್ನು ಪ್ರತಿಭಟಿಸಲು ಸೇನಾಧಿಕಾರಿಗಳ ಬಡ್ತಿಗಳನ್ನು ಹತ್ತು ತಿಂಗಳ ಕಾಲ ತಡೆದು ನಿಲ್ಲಿಸಿದರು. ಆ ನೀತಿಗೂ ಆ ಅಧಿಕಾರಿಗಳಿಗೂ ಯಾವ ಸಂಬಂಧವೂ ಇರಲಿಲ್ಲ, 400ಕ್ಕೂ ಹೆಚ್ಚು ಮಂದಿ ವರ್ಗಾವಣೆಯೂ ಇಲ್ಲದೆ, ಮಕ್ಕಳನ್ನು ಯಾವ ಊರಿನ ಶಾಲೆಗೆ ಸೇರಿಸಬೇಕೆಂದೂ ತಿಳಿಯದೆ ಕಾದರು. ಡೆಮಾಕ್ರಟರು ಆಗ ಇದನ್ನು ಖಂಡಿಸಿದರು. 2025ರಲ್ಲಿ ಅವರೇ ಟ್ರಂಪ್ ಆರಿಸಿದ ಕೆಳಹಂತದ ನಾಗರಿಕ ಹುದ್ದೆಗಳ ಹೆಸರುಗಳಿಗೂ ಸಾರಾಸಗಟಾಗಿ ಅಡ್ಡ ನಿಂತರು. ಅದರ ಫಲವೇ ಮೇಲೆ ಹೇಳಿದ ಕಟ್ಟುಕಟ್ಟಾಗಿ ಅನುಮೋದಿಸುವ ನಿಯಮ.

ಸೆನೆಟ್ ರಜೆಯಲ್ಲಿದ್ದಾಗ ಅಧ್ಯಕ್ಷರು ನೇಮಕ ಮಾಡಬಹುದೇ?

ಸಂವಿಧಾನ ಅವಕಾಶ ಕೊಟ್ಟಿದೆ, ಸದಸ್ಯರು ಕುದುರೆಗಾಡಿಯಲ್ಲಿ ರಾಜಧಾನಿಗೆ ಬರುತ್ತಿದ್ದ ಕಾಲದಲ್ಲಿ ಅದು ಅಗತ್ಯವೂ ಆಗಿತ್ತು. ಆಮೇಲೆ ಅದು ಅಡ್ಡದಾರಿಯಾಯಿತು. ಸೆನೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಜಾನ್ ಬೋಲ್ಟನ್ ಅವರನ್ನು 2005ರ ಆಗಸ್ಟ್‌ನಲ್ಲಿ ಕಿರಿಯ ಬುಷ್ ಹೀಗೆಯೇ ವಿಶ್ವಸಂಸ್ಥೆಗೆ ಕಳುಹಿಸಿದರು. 2007ರ ನವೆಂಬರ್‌ನಿಂದ ಹ್ಯಾರಿ ರೀಡ್ ರಜೆಯಲ್ಲೂ ಮೂರು ದಿನಕ್ಕೊಮ್ಮೆ ಒಬ್ಬ ಸದಸ್ಯರಿಂದ ಕೆಲವೇ ಸೆಕೆಂಡುಗಳ ಹೆಸರಿಗಷ್ಟೇ ಕಲಾಪ ನಡೆಸಿ ಆ ದಾರಿಯನ್ನು ಮುಚ್ಚಿದರು. 2012ರ ಜನವರಿ 4ರಂದು ಒಬಾಮಾ ಅದನ್ನು ಲೆಕ್ಕಿಸದೆ ಕಾರ್ಮಿಕ ಮಂಡಳಿಗೆ ಮೂವರನ್ನು ನೇಮಿಸಿದಾಗ, 2014ರಲ್ಲಿ ಸುಪ್ರೀಂ ಕೋರ್ಟ್ ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ಆ ನೇಮಕಗಳನ್ನು ಅಸಿಂಧುಗೊಳಿಸಿತು. ಹತ್ತು ದಿನಕ್ಕಿಂತ ಕಡಿಮೆಯ ಬಿಡುವು ಸಾಮಾನ್ಯವಾಗಿ ಸಾಲದು ಎಂದೂ ಹೇಳಿತು.

'ಹಂಗಾಮಿ' ಅಧಿಕಾರಿಗಳ ಮೂಲಕ ಸೆನೆಟ್ಟನ್ನು ತಪ್ಪಿಸಿಕೊಳ್ಳಬಹುದೇ?

ಒಂದು ಮಟ್ಟಿಗೆ ಹೌದು. 1998ರ ಕಾಯ್ದೆಯ ಪ್ರಕಾರ ಖಾಲಿ ಹುದ್ದೆಯಲ್ಲಿ ಹಂಗಾಮಿಯಾಗಿ ಸಾಮಾನ್ಯವಾಗಿ 210 ದಿನ ಇರಬಹುದು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಆಂತರಿಕ ಭದ್ರತಾ ಇಲಾಖೆ 2019ರ ಏಪ್ರಿಲ್‌ನಿಂದ ಅವಧಿಯ ಕೊನೆಯವರೆಗೂ ಸೆನೆಟ್ ಒಪ್ಪಿದ ಮುಖ್ಯಸ್ಥರೇ ಇಲ್ಲದೆ ನಡೆಯಿತು. ಹಂಗಾಮಿಗಳಿದ್ದರೆ ತಮಗೆ ಅನುಕೂಲ ಎಂದು ಅವರೇ ಬಹಿರಂಗವಾಗಿ ಹೇಳಿದ್ದರು. ಎರಡನೆಯ ಅವಧಿಯಲ್ಲಿ ಈ ದಾರಿಗೆ ನ್ಯಾಯಾಲಯಗಳು ಅಡ್ಡ ಬಂದಿವೆ. ಟ್ರಂಪ್ ಅವರ ಮಾಜಿ ವಕೀಲೆ ಅಲೀನಾ ಹಬ್ಬಾ ನ್ಯೂಜೆರ್ಸಿಯ ಪ್ರಾಸಿಕ್ಯೂಟರ್ ಹುದ್ದೆಯಲ್ಲಿ ಮುಂದುವರಿದದ್ದು ಕಾನೂನುಬಾಹಿರವೆಂದು ತೀರ್ಪು ಬಂದು, ಮೇಲ್ಮನವಿಯಲ್ಲೂ ಅದು ಉಳಿದ ಬಳಿಕ 2025ರ ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ವರ್ಜೀನಿಯಾದಲ್ಲಿ ಅಂಥದೇ ಹುದ್ದೆಗೆ ಲಿಂಡ್ಸೆ ಹ್ಯಾಲಿಗನ್ ಅವರ ನೇಮಕವೇ ಅಕ್ರಮವೆಂದು ನವೆಂಬರ್ 24ರಂದು ನ್ಯಾಯಾಧೀಶರು ತೀರ್ಮಾನಿಸಿ, ಎಫ್‌ಬಿಐನ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ ಮತ್ತು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಅವರ ಮೇಲಿನ ಮೊಕದ್ದಮೆಗಳನ್ನು ವಜಾ ಮಾಡಿದರು.

ಈ ಜಗಳಗಳಿಂದ ಭಾರತಕ್ಕೆ ಏನಾದರೂ ಆಗುತ್ತದೆಯೇ?

ಆಗುತ್ತದೆ. 2021ರ ಜನವರಿಯಿಂದ ಎರಡು ವರ್ಷಕ್ಕೂ ಮೀರಿ ದೆಹಲಿಯಲ್ಲಿ ಅಮೆರಿಕದ ಕಾಯಂ ರಾಯಭಾರಿ ಇರಲಿಲ್ಲ. ಬೈಡನ್ ಸೂಚಿಸಿದ್ದ ಎರಿಕ್ ಗಾರ್ಸೆಟ್ಟಿ ಲಾಸ್ ಏಂಜಲೀಸ್‌ನ ಮೇಯರ್ ಆಗಿದ್ದಾಗ ತಮ್ಮ ಆಪ್ತ ಸಲಹೆಗಾರರೊಬ್ಬರ ಲೈಂಗಿಕ ಕಿರುಕುಳದ ಬಗ್ಗೆ ಕಣ್ಣು ಮುಚ್ಚಿಕೊಂಡಿದ್ದರೆಂಬ ಆರೋಪವಿತ್ತು, ಅವರು ತಮಗೆ ಗೊತ್ತಿರಲಿಲ್ಲ ಎಂದಿದ್ದರು. 2023ರ ಮಾರ್ಚ್ 15ರಂದು 52–42 ಮತಗಳಿಂದ ಅವರಿಗೆ ಒಪ್ಪಿಗೆ ಸಿಕ್ಕಿತು. ಮೂವರು ಡೆಮಾಕ್ರಟರು ಸ್ವಪಕ್ಷದ ಅಧ್ಯಕ್ಷರ ಆಯ್ಕೆಯನ್ನು ವಿರೋಧಿಸಿದರು, ಏಳು ರಿಪಬ್ಲಿಕನ್ನರು ಬೆಂಬಲಿಸಿದರು. ಫಲಿತಾಂಶವನ್ನು ಒಪ್ಪಲಿ ಬಿಡಲಿ, ಸದಸ್ಯರು ಪಕ್ಷವನ್ನು ಬದಿಗಿಟ್ಟು ವ್ಯಕ್ತಿಯನ್ನು ತೂಗಿದ ಅಪರೂಪದ ಮತದಾನ ಅದು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು ಅವರ ಅವಧಿಯ ಕೊನೆಯ ದಿನಗಳಲ್ಲಿ. ಅವರ ಉತ್ತರಾಧಿಕಾರಿ ಸರ್ಜಿಯೊ ಗೋರ್ ಅಕ್ಟೋಬರ್ 7ರ ಆ 107 ಹೆಸರುಗಳ ಕಟ್ಟಿನಲ್ಲಿ ಒಬ್ಬರಾಗಿ ಬಂದರು. ಭಾರತಕ್ಕೆ ಬರುವ ರಾಯಭಾರಿಯ ಮೇಲೆ ಸದನದಲ್ಲಿ ಪ್ರತ್ಯೇಕ ಮತದಾನವೂ ನಡೆಯಲಿಲ್ಲ.

ನಮ್ಮಲ್ಲಿ ಇಂಥ ವ್ಯವಸ್ಥೆ ಇದೆಯೇ?

ಇಲ್ಲ. ನಮ್ಮ ಸಚಿವರನ್ನಾಗಲಿ ರಾಜ್ಯಪಾಲರನ್ನಾಗಲಿ ರಾಜ್ಯಸಭೆ ಪರಿಶೀಲಿಸುವುದಿಲ್ಲ. ಕೆಲವು ಹುದ್ದೆಗಳಿಗೆ ವಿರೋಧ ಪಕ್ಷದ ನಾಯಕರೂ ಇರುವ ಆಯ್ಕೆ ಸಮಿತಿಗಳಿವೆ. ಕೇಂದ್ರ ಜಾಗೃತ ಆಯುಕ್ತರಾಗಿ ಪಿ.ಜೆ. ಥಾಮಸ್ ಅವರನ್ನು 2010ರಲ್ಲಿ ಸುಷ್ಮಾ ಸ್ವರಾಜ್ ಅವರ ಲಿಖಿತ ಅಸಮ್ಮತಿಯ ನಡುವೆಯೂ ನೇಮಿಸಿದಾಗ, 2011ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ಯಾರು ಯಾವ ಮತ ಹಾಕಿದರೆಂದು ಸಾಮಾನ್ಯ ಓದುಗರು ತಿಳಿಯುವುದು ಹೇಗೆ?

ಸೆನೆಟ್ಟಿನ ಅಧಿಕೃತ ಜಾಲತಾಣದಲ್ಲಿ 1989ರಿಂದೀಚೆಗೆ ಹೆಸರು ಕರೆದು ನಡೆಸಿದ ಪ್ರತಿಯೊಂದು ಮತದಾನದ ಪಟ್ಟಿ ಇರುತ್ತದೆ. ಕಾಂಗ್ರೆಸ್ಸಿನ ಜಾಲತಾಣದಲ್ಲಿ ಪ್ರತಿ ನಾಮನಿರ್ದೇಶನಕ್ಕೂ ಒಂದು ಸಂಖ್ಯೆಯಿದ್ದು, ಅದು ಯಾವ ದಿನ ಬಂತು, ಯಾವ ಸಮಿತಿಯಲ್ಲಿದೆ ಎಂಬುದನ್ನು ನೋಡಬಹುದು. ಸಮಿತಿಗಳ ಪ್ರಮುಖ ವಿಚಾರಣೆಗಳನ್ನು ಸಿ-ಸ್ಪ್ಯಾನ್ ಎಂಬ ಟಿವಿ ವಾಹಿನಿ ಪ್ರಸಾರ ಮಾಡುತ್ತದೆ. ಅಮೆರಿಕದಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರು ತಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳ ಕಚೇರಿಗೆ ಫೋನ್ ಮಾಡಿ ಅಭಿಪ್ರಾಯ ದಾಖಲಿಸಬಹುದು. ಹೆಸರು ಇನ್ನೂ ಸಮಿತಿಯ ಹಂತದಲ್ಲಿರುವಾಗಲೇ ಕರೆ ಮಾಡುವುದು ಒಳ್ಳೆಯದು, ಸದನದ ಮತದಾನದ ಹೊತ್ತಿಗೆ ಸದಸ್ಯರು ಬಹುಪಾಲು ತಮ್ಮ ನಿಲುವನ್ನು ಪ್ರಕಟಿಸಿಬಿಟ್ಟಿರುತ್ತಾರೆ.